ಖಾತ್ರಿಯ ಹದಿನೈದು ನಿಮಿಷ

ಬೀಗ ಹಾಕಿದ ಸದ್ದು ಕಿವಿಯಲ್ಲಿತ್ತು. ಆದರೆ ಅದು ಇವತ್ತಿನ ಸದ್ದೋ ನಿನ್ನೆಯದೋ ಎಂದು ಮೂರನೆಯ ಮೆಟ್ಟಿಲಿನ ಮೇಲೆ ನಿಂತ ಮೀನಾಕ್ಷಿಗೆ ಹೇಳಲಾಗಲಿಲ್ಲ. ಕೀಲಿ ಅಂಗೈಯಲ್ಲಿ ಬೆಚ್ಚಗಿತ್ತು. ಕೀಲಿ ಬೆಚ್ಚಗಿದೆ ಎಂದರೆ ಅದನ್ನು ಹಿಡಿದುಕೊಂಡಿದ್ದೇನೆ ಎಂದಷ್ಟೇ ಅರ್ಥ, ಬೀಗ ಹಾಕಿದ್ದೇನೆ ಎಂದಲ್ಲ. ಅವಳು ಮತ್ತೆ ಮೇಲೆ ಹೋಗಿ ಬೀಗವನ್ನು ಎಳೆದು ನೋಡಿದಳು. ಒಂದು ಸಲ, ಆಮೇಲೆ ಎಳೆದದ್ದು ಸರಿಯಾಗಿತ್ತೇ ಎಂದು ಇನ್ನೊಂದು ಸಲ. ಕೆಳಗೆ ಹರೀಶ ಸ್ಕೂಟರಿನ ಮೇಲೆ ಒಂದು ಕಾಲೂರಿ ಕೂತು, ದಿನವೂ ಹೇಳುವ ಹಾಗೆ, ಯಾರನ್ನೂ ನೋಡದೆ, ಅರ್ಧ ರಾಗದಲ್ಲಿ ಹೇಳಿಕೊಂಡ: "ಗ್ಯಾಸ್ ಬಂದ್ ಆಗೈತೆ, ನಲ್ಲಿ ನಿಂತೈತೆ, ಬಾಗ್ಲು ಹಾಕೈತೆ, ಹೋಗಾಣ." ಮದುವೆಯಾದ ಹೊಸದರಲ್ಲಿ ಅವಳಿಗೆ ಇದು ಮುಜುಗರವೆನಿಸುತ್ತಿತ್ತು. ಪಕ್ಕದ ಮನೆಯವರು ಏನೆಂದುಕೊಂಡಾರು, ಬಸ್ಸಿನ ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದಂತೆ ದಿನಾ ಇದೇನು ಎಂದು. ಒಂಬತ್ತು ವರ್ಷಗಳಲ್ಲಿ ಅದು ಫ್ಯಾನಿನ ಸದ್ದಿನಂತೆ ಕಿವಿಗೆ ಬೀಳುವುದನ್ನೇ ಬಿಟ್ಟಿತ್ತು. ಅವಳು ಹಿಂದೆ ಕೂತಳು. ಆಷಾಢದ ಗಾಳಿಗೆ ಸೆರಗು ಹಾರದಂತೆ ಸಿಕ್ಕಿಸಿಕೊಂಡು, ಚೀಲದಿಂದ ಫೋನ್ ತೆಗೆದಳು.

ಫೋನಿನ ಕ್ಯಾಲೆಂಡರಿನಲ್ಲಿ ಎರಡು ಪಟ್ಟಿಗಳಿದ್ದವು. ಮೇಲಿನದು ಹಸಿರು, ಅದರ ಹೆಸರು 'ಕೆಲಸ', ಅದು ಆಫೀಸಿನದು. ಅದರ ಕೆಳಗೆ ನೀಲಿ, 'ಖಾತ್ರಿ'. ಅದು ಅವಳೊಬ್ಬಳದೇ. ಗ್ಯಾಸ್ ಬಂದ್ ಮಾಡಿದ್ದೀನಿ, ನೋಡಿದ್ದೀನಿ. ಬಾಗಿಲು ಎರಡು ಸಲ ಎಳೆದೆ. ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು ಮಂಚದ ಮೇಲೆ ಇಟ್ಟಿದ್ದೀನಿ. ಇಂಥವನ್ನೆಲ್ಲ ಅವಳು ಅದರಲ್ಲಿ ಬರೆಯುತ್ತಿದ್ದಳು. ಎಷ್ಟು ಹೊತ್ತು ಎಂದು ಹೇಳದಿದ್ದರೆ ಕ್ಯಾಲೆಂಡರು ತಾನೇ ಪ್ರತಿಯೊಂದಕ್ಕೂ ಹದಿನೈದು ನಿಮಿಷ ಕೊಡುತ್ತಿತ್ತು. ಹೊರಗಿನವರು ನೋಡಿದರೆ ಈ ಹೆಂಗಸು ಗ್ಯಾಸ್ ಬಂದ್ ಮಾಡಲು ಕಾಲು ಗಂಟೆ ತೆಗೆದುಕೊಳ್ಳುತ್ತಾಳೆ ಎಂದುಕೊಳ್ಳಬೇಕು. ಆದರೆ ಹೊರಗಿನವರು ನೋಡುವಂತಿರಲಿಲ್ಲ. ಮಧ್ಯಾಹ್ನ ಆಫೀಸಿನಲ್ಲಿ ಟೈಪ್ ಮಾಡುತ್ತಿರುವಾಗ ಹೊಟ್ಟೆಯೊಳಗೆ ಒಮ್ಮೆಲೇ ಸಣ್ಣ ನೀಲಿ ಉರಿ ಹೊತ್ತಿಕೊಂಡರೆ, ಅವಳು ಫೋನ್ ತೆಗೆದು ಬೆಳಗಿನ ಮೀನಾಕ್ಷಿ ಬರೆದಿಟ್ಟದ್ದನ್ನು ಓದುತ್ತಿದ್ದಳು. ಆ ಬೆಳಗಿನವಳನ್ನು ನಂಬಬಹುದಿತ್ತು, ಅವಳು ಸ್ಥಳದಲ್ಲಿದ್ದವಳು. ಈ ಪಟ್ಟಿ ಇಲ್ಲದ ಕಾಲದಲ್ಲಿ, ಮದುವೆಯ ಮೊದಲ ವರ್ಷ, ಬಸ್ ಸ್ಟ್ಯಾಂಡಿನಿಂದ ಆಟೋ ಮಾಡಿಕೊಂಡು ವಾಪಸು ಮನೆಗೆ ಬಂದು, ಸ್ಟವ್ ಮುಟ್ಟಿ ನೋಡಿ, ಬಾಗಿಲಲ್ಲಿ ನಿಂತ ಹರೀಶನಿಗೆ ಪರ್ಸ್ ಮರೆತಿದ್ದೆ ಎಂದು ಸುಳ್ಳು ಹೇಳಿದ್ದಳು. ಅವನು ಹೂಂ ಎಂದಿದ್ದ. ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೀಜಗಳ ಕೋಣೆ ನೋಡಿಕೊಳ್ಳುವವನಿಗೆ ಹೂಂ ಎನ್ನುವುದರಲ್ಲಿ ಬಹಳ ಅನುಭವವಿತ್ತು. ಅವಳನ್ನು ಆಫೀಸಿನ ತಿರುವಿನಲ್ಲಿ ಇಳಿಸಿ, ಅವನು ಹಿರಿಯೂರಿನ ಬಸ್ಸು ಹಿಡಿಯಲು ಹೋದ.

ಬಿ.ಡಿ. ರಸ್ತೆಯ ಎರಡನೆಯ ಮಹಡಿಯ ಆಫೀಸಿನ ಕಿಟಕಿಯಿಂದ ಗುಡ್ಡಗಳ ಸಾಲು, ಸಾಲಿನ ಮೇಲೆ ಊರವರೆಲ್ಲ ಫ್ಯಾನು ಎಂದೇ ಕರೆಯುವ ಗಾಳಿಯಂತ್ರಗಳು ಕಾಣುತ್ತಿದ್ದವು. ಅವನ್ನು ರಿಪೇರಿ ಮಾಡುವ ಗುತ್ತಿಗೆ ಅವಳ ಆಫೀಸಿನದು. ಯಜಮಾನರು ಮಲ್ಲೇಶ್ ಸರ್. ಹೊಸದುರ್ಗದಲ್ಲಿ ಒಂದು ತಂಡ, ಹೊಳಲ್ಕೆರೆಯಲ್ಲಿ ಒಂದು, ಇಲ್ಲಿ ಚಿತ್ರದುರ್ಗದಲ್ಲಿ ಒಂದು. ಯಾವ ದಿನ ಯಾರು ಯಾವ ಫ್ಯಾನು ಹತ್ತಬೇಕು ಎನ್ನುವುದು ಹಸಿರು ಕ್ಯಾಲೆಂಡರಿನಲ್ಲಿ ಇರುತ್ತಿತ್ತು. ಎಷ್ಟು ಹೊತ್ತು ಕೆಲಸ ಮಾಡಿದರು ಎನ್ನುವುದು ಟೈಮ್‌ಶೀಟ್ ಎಂಬ ಇನ್ನೊಂದು ಆ್ಯಪಿನಲ್ಲಿ ಇರಬೇಕಿತ್ತು. ಎರಡರ ನಡುವಿನ ಸೇತುವೆ ಮೀನಾಕ್ಷಿ. ನಾಲ್ಕು ವರ್ಷಗಳಿಂದ ಪ್ರತಿ ಶನಿವಾರ ಅವಳು ಮೂರೂ ತಂಡದ ಮುಖ್ಯಸ್ಥರಿಗೆ ಫೋನ್ ಮಾಡಿ, ಇದರಿಂದ ನೋಡಿ, ಅವರನ್ನು ಕೇಳಿ, ಅದಕ್ಕೆ ತುಂಬುತ್ತಿದ್ದಳು. ಹೋದ ಶನಿವಾರ ಅವಳೇ ಒಂದು ವಿಡಿಯೋ ನೋಡಿ, ಕೋಡ್ ಎಂಬುದರ ಒಂದಕ್ಷರವನ್ನೂ ಬರೆಯದೆ, ಎರಡನ್ನೂ ಜೋಡಿಸಿಬಿಟ್ಟಿದ್ದಳು. ಪರದೆಯ ಮೇಲೆ ಎರಡು ಚೌಕ, ನಡುವೆ ಒಂದು ಬಾಣ. ಎಡಗಡೆಯ ಚೌಕ: ಕ್ಯಾಲೆಂಡರಿನಲ್ಲಿ ಒಂದು ಕೆಲಸ ಮುಗಿದಾಗ. ಬಲಗಡೆಯದು: ಟೈಮ್‌ಶೀಟಿನಲ್ಲಿ ಒಂದು ಸಾಲು ಬರೆ, ಎಲ್ಲರಿಗೂ ತಿಳಿಸು. ಪರೀಕ್ಷೆಗೆಂದು 'ಫ್ಯಾನು ಇಪ್ಪತ್ತೊಂದು, ಎಣ್ಣೆ ಬದಲಾವಣೆ' ಎಂದು ಹಸಿರಿನಲ್ಲಿ ಬರೆದು ಕಾಯ್ದರೆ, ಸ್ವಲ್ಪ ಹೊತ್ತಿಗೆ ಆ ಕಡೆ ಅದು ತಾನಾಗಿ ಬಂದು ಕೂತಿತ್ತು. ಆಗ ಅವಳಿಗಾದ ಸಂತೋಷ ಎಷ್ಟು ಶುದ್ಧವಾಗಿತ್ತೆಂದರೆ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದಳು. ಅದು ಕಾಲು ಗಂಟೆಗೊಮ್ಮೆ ತಾನೇ ಹೋಗಿ ಹೊಸದೇನಾದರೂ ಇದೆಯೇ ಎಂದು ನೋಡಿ ಬರುತ್ತದೆ ಎಂದು ವಿಡಿಯೋದವನು ಹೇಳಿದ್ದ. ಇಡೀ ದಿನ, ಬೇಸರವಿಲ್ಲದೆ, ಕಾಲು ಗಂಟೆಗೊಮ್ಮೆ. ಅದನ್ನು ಯಾರೂ ಹುಚ್ಚು ಎನ್ನುವುದಿಲ್ಲ ಎಂದು ಅವಳು ಅಂದುಕೊಂಡಿದ್ದಳು.

ಮಲ್ಲೇಶ್ ಸರ್ ಮೆಚ್ಚಿಕೊಂಡರು. ಶನಿವಾರದ ಅರ್ಧ ದಿನ ಉಳಿಯಿತಲ್ಲ ಮೀನಾಕ್ಷಿ ಅವ್ರೇ ಎಂದರು. ಉಳಿಯಿತು. ಆದರೆ ಅರ್ಧ ದಿನ ಉಳಿಸಲೆಂದು ಅವಳು ಇದನ್ನು ಮಾಡಿರಲಿಲ್ಲ, ಒಂದು ದನಿಯಿಂದ ತಪ್ಪಿಸಿಕೊಳ್ಳಲು ಮಾಡಿದ್ದಳು. ಇದನ್ನು ಅವಳು ತನಗೆ ತಾನೇ ಹೇಳಿಕೊಂಡದ್ದು ಭಾನುವಾರ ಬಟ್ಟೆ ಒಣಹಾಕುವಾಗ, ಎರಡು ಕ್ಲಿಪ್ಪುಗಳ ನಡುವೆ. ಜಂಪಣ್ಣನವರು ಹೊಸದುರ್ಗ ತಂಡದ ಹಿರಿಯರು, ಐವತ್ತು ದಾಟಿದವರು. ಎರಡು ವರ್ಷದ ಹಿಂದೆ, ಇಂಥದೇ ಗಾಳಿಕಾಲದಲ್ಲಿ, ಎಷ್ಟು ಹೊತ್ತು ಕೆಲಸ ಎಂದು ಕೇಳಿದಾಗ, "ನಾಕು ದಿನಾನೂ ಗಾಳಿ ಬಿಡ್ಲಿಲ್ಲ ಮೇಡಂ, ಕೆಳಗೇ ಕುಂತಿದ್ವಿ" ಎಂದಿದ್ದರು. ಗಾಳಿ ಜೋರಿದ್ದರೆ ಹತ್ತುವಂತಿಲ್ಲ. ಆದರೆ ಯಾವ ಗಳಿಗೆಯಲ್ಲಿ ಇಳಿಯುತ್ತದೋ ಗೊತ್ತಿಲ್ಲದ್ದರಿಂದ ಮೈಗೆ ಬಿಗಿದ ಬೆಲ್ಟು ಬಿಚ್ಚುವಂತೆಯೂ ಇಲ್ಲ. ಬಿಸಿಲಲ್ಲಿ, ಕಂಬದ ಬುಡದಲ್ಲಿ, ತೊಡೆಯ ಸಂದಿಗೆ ಪಟ್ಟಿ ಒತ್ತುತ್ತಿರುವಾಗ ಗಂಟೆಗಟ್ಟಲೆ ಕೂರಬೇಕು. ಅವಳಿಗೆ ಇದು ಗೊತ್ತಿತ್ತು. ಟೈಮ್‌ಶೀಟಿನ ಪಟ್ಟಿಯಲ್ಲಿ ಕಾಯುವುದಕ್ಕೆ ಒಂದು ಪದವಿರಲಿಲ್ಲ. ಇದ್ದವು 'ದುರಸ್ತಿ', 'ತಪಾಸಣೆ', 'ಪ್ರಯಾಣ', 'ಕೆಲಸವಿಲ್ಲ'. ಅವಳು 'ಕೆಲಸವಿಲ್ಲ' ಒತ್ತಿದಳು. ಆ ತಿಂಗಳ ಕೊನೆಗೆ ಮಲ್ಲೇಶ್ ಸರ್ ಅದರ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ದರು. ಏನೋ ಸಾಮಾನು ಒಯ್ಯಲು ಬಂದ ಜಂಪಣ್ಣನವರು ಕನ್ನಡಕ ಹಾಕಿಕೊಂಡು ಅದನ್ನು ಓದಿದರು. ಬೆರಳಿಟ್ಟು, ತಮ್ಮ ಹೆಸರಿನ ಸಾಲನ್ನು ಆ ತುದಿಯಿಂದ ಈ ತುದಿಗೆ. ಕನ್ನಡಕ ತೆಗೆದು ಜೇಬಿಗಿಟ್ಟರು. "ಬರ್ತೀನಿ ಮೇಡಂ" ಎಂದರು. ಅಷ್ಟೇ. ಆ ವಾರದಿಂದ ಅವಳ ನೀಲಿ ಪಟ್ಟಿಯಲ್ಲಿ ಒಂದು ಸಾಲು ಸೇರಿಕೊಂಡಿತು: ಜಂಪಣ್ಣನವರಲ್ಲಿ ತಪ್ಪಾಯಿತು ಅನ್ನಬೇಕು. ಸೋಮವಾರ ಹನ್ನೊಂದಕ್ಕೆ, ಪ್ರತಿ ವಾರ. ಎರಡು ವರ್ಷ ಅದು ಬಂದು, ಹದಿನೈದು ನಿಮಿಷ ಇದ್ದು, ಹೋಗುತ್ತಿತ್ತು. ಅವಳು ಅದನ್ನು ಮನೆಗೆ ಬಂದ ನೆಂಟರನ್ನು ನೋಡುವಂತೆ ನೋಡುತ್ತಿದ್ದಳು. ಶನಿವಾರದ ಫೋನಿನಲ್ಲಿ ಮಾತ್ರ, ಕ್ಷಮೆಯ ಬದಲಿಗೋ ಏನೋ, ಎಷ್ಟೊತ್ತು ಕಾಯ್ದ್ರಿ ಎಂದು ತಪ್ಪದೆ ಕೇಳುತ್ತಿದ್ದಳು. ಕೇಳಿದಷ್ಟನ್ನೂ 'ತಪಾಸಣೆ'ಯ ಕೆಳಗೆ ಬರೆಯುತ್ತಿದ್ದಳು. ಅವರು ನಿಧಾನವಾಗಿ, ಒಂದಿಷ್ಟೂ ಕಹಿಯಿಲ್ಲದೆ ಹೇಳುತ್ತಿದ್ದರು. ಆ ಕಹಿಯಿಲ್ಲದ ದನಿಯೇ ಅವಳಿಗೆ ತಡೆಯಲಾಗದ್ದು. ಇನ್ನು ಅದನ್ನು ಕೇಳಬೇಕಾಗಿರಲಿಲ್ಲ.

ಹತ್ತೂ ಕಾಲಿಗೆ ತಂಡದ ವಾಟ್ಸಾಪ್ ಗುಂಪಿನಲ್ಲಿ ಹೊಳಲ್ಕೆರೆಯ ಮಂಜುನಾಥನ ಸಂದೇಶ ಬಂತು. "ಮೇಡಂ, ನಮ್ಮನೆ ಗ್ಯಾಸೂ ಒಂಚೂರು ನೋಡ್ಕಂಡ್ ಬರ್ರಿ. ನಮ್ಮಾಕೆ ತವರಿಗೆ ಹೋಗ್ಯಾಳೆ." ಅದರ ಕೆಳಗೆ ನಗುವ ಮುಖಗಳು, ಒಂದರ ಹಿಂದೊಂದು. ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಪಾದದಿಂದ ಮೇಲಕ್ಕೆ ಅರ್ಥವಾಗುತ್ತ ಬಂತು. ಟೈಮ್‌ಶೀಟ್ ತೆರೆದಳು. ಮೂರು ತಂಡಗಳ ಹದಿಮೂರು ಜನರ ಫೋನಿನಲ್ಲೂ ಕಾಣುವ ಆ ಪುಟದಲ್ಲಿ ಇವತ್ತಿನ ತಾರೀಖಿನ ಕೆಳಗೆ ಒಂದೇ ಒಂದು ಫ್ಯಾನೂ ಇರಲಿಲ್ಲ. ಇದ್ದದ್ದು ಅವಳು. ಮೀನಾಕ್ಷಿ, ಗ್ಯಾಸ್ ಬಂದ್ ಮಾಡಿದ್ದೀನಿ, ನೋಡಿದ್ದೀನಿ, ಹದಿನೈದು ನಿಮಿಷ. ಮೀನಾಕ್ಷಿ, ಬಾಗಿಲು ಎರಡು ಸಲ ಎಳೆದೆ, ಹದಿನೈದು ನಿಮಿಷ. ಮೀನಾಕ್ಷಿ, ಸರ್‌ಗೆ ಕಳಿಸಿದ ಇ-ಮೇಲಿನಲ್ಲಿ ತಪ್ಪಿಲ್ಲ, ಮೂರು ಸಲ ಓದಿದ್ದೀನಿ, ಹದಿನೈದು ನಿಮಿಷ. ಹೇಗಾಯಿತು ಎಂದು ಅವಳು ಕೇಳಿಕೊಳ್ಳಬೇಕಾಗಲಿಲ್ಲ. ಭಾನುವಾರ ಸಂಜೆ, ಎಲ್ಲ ಸರಿಯಾಗಿ ಕೆಲಸ ಮಾಡಿದ ಮೇಲೆ, ಸರಿಯಾದ ಪಟ್ಟಿಯನ್ನೇ ಆರಿಸಿದ್ದೇನೆಯೇ ಎಂದು ಅವಳು ಆ ಎಡಗಡೆಯ ಚೌಕವನ್ನು ತೆರೆದು ನೋಡಿದ್ದಳು. ಸರಿಯಿತ್ತು. ಮತ್ತೆ ತೆರೆದು ನೋಡಿದಳು. ಹನ್ನೊಂದು ಸಲ ಎಣಿಸಿದ್ದು ನೆನಪಿತ್ತು. ಅಂಥ ಒಂದು ಸಲದಲ್ಲಿ, ಹಸಿರೇ ಇದೆ ಎಂದು ಸಮಾಧಾನಪಟ್ಟುಕೊಂಡು ಮುಚ್ಚುವ ಹೊತ್ತಿಗೆ, ಬೆರಳು ಒಂದು ಸಾಲು ಕೆಳಗೆ ತಾಗಿರಬೇಕು. ಹಸಿರಿನ ಕೆಳಗೆ ಇದ್ದದ್ದು ನೀಲಿ. ನೋಡದೆ ಇದ್ದಿದ್ದರೆ ಕೆಡುತ್ತಿರಲಿಲ್ಲ.

ಅವಳು ಆ ಮೂರು ಸಾಲುಗಳನ್ನೂ ಅಳಿಸಿದಳು. ಹದಿಮೂರು ಜೇಬುಗಳಲ್ಲಿ ಟಿಣ್ ಎಂದಾಗಿಹೋಗಿದ್ದನ್ನು ಅಳಿಸಲು ಬರುವುದಿಲ್ಲ. ಪದವಿಯಲ್ಲಿ ಕಾಲೇಜಿಗೇ ಮೊದಲು ಬಂದವಳು, ಒಂದು ಅರ್ಜಿಯಲ್ಲೂ ಒಂದು ಒತ್ತಕ್ಷರ ತಪ್ಪದವಳು, ಮೀನಾಕ್ಷಿ ಮೇಡಂ ಬರೆದರೆ ಮತ್ತೆ ನೋಡುವುದೇ ಬೇಡ ಎಂದು ಹೆಸರಾದವಳು. ಮತ್ತೆ ನೋಡುವುದೇ ಬೇಡ ಎಂದು ಆಫೀಸಿನವರಿಗೆ ಹೇಳಲಾಗುತ್ತಿದ್ದದ್ದು, ಅವಳು ಮತ್ತೆ ಮತ್ತೆ ನೋಡುತ್ತಿದ್ದುದರಿಂದ. ಆ ಒಳಗಿನ ಹೊಲಿಗೆಯನ್ನು ಈಗ ಸೀರೆ ತಿರುಗಿಸಿ ತೋರಿಸಿದಂತಾಗಿತ್ತು. ಬಾಣವನ್ನೇ ನಿಲ್ಲಿಸೋಣವೆಂದು ಹೋದರೆ, ಅದನ್ನು ಅವಳು ಮನೆಯ ಕಂಪ್ಯೂಟರಿನಲ್ಲಿ ಮಾಡಿದ್ದಳು. ಆಫೀಸಿನದರಲ್ಲಿ ಅದು ಮಲ್ಲೇಶ್ ಸರ್ ಅವರ ಫೋನಿಗೆ ಬರುವ ಆರು ಅಂಕಿ ಕೇಳಿತು. ಅವರು ಹೊಳಲ್ಕೆರೆಯಲ್ಲಿ ಫ್ಯಾನಿನ ಕಂಪನಿಯವರೊಂದಿಗೆ ಕೂತಿದ್ದರು. ಫೋನ್ ಎತ್ತಲಿಲ್ಲ. ಆಗ ಅವಳಿಗೆ ಹೊಳೆಯಿತು. ಇವತ್ತು ಸೋಮವಾರ. ಗಂಟೆ ಹನ್ನೊಂದಾಗಿತ್ತು.

ಫೋನಿನಲ್ಲಿ ನೀಲಿ ಸಾಲು ಹೊತ್ತಿಗೆ ಸರಿಯಾಗಿ ಬಂದು ನಿಂತಿತ್ತು. ಜಂಪಣ್ಣನವರಲ್ಲಿ ತಪ್ಪಾಯಿತು ಅನ್ನಬೇಕು. ಹನ್ನೊಂದರಿಂದ ಹನ್ನೊಂದೂ ಕಾಲು. ಮುಗಿದ ಕೂಡಲೇ ಬಾಣ ಅದನ್ನು ಎತ್ತಿಕೊಂಡು ಹೋಗಿ ಎಲ್ಲರ ಜೇಬಿಗೆ ಹಾಕುತ್ತದೆ. ಅಳಿಸುವುದು ಸುಲಭವಿತ್ತು. ಅವಳು ಅಳಿಸುವ ಗುರುತನ್ನು ಒತ್ತಿದಳು. ಕ್ಯಾಲೆಂಡರು ಕೇಳಿತು: ಇದೊಂದನ್ನೋ, ಮುಂದಿನ ಎಲ್ಲವನ್ನೋ? ಎಷ್ಟು ಸಾಮಾನ್ಯವಾದ ಪ್ರಶ್ನೆ, ಸರಕಾರಿ ಅರ್ಜಿಗಳಲ್ಲಿ ಇದಕ್ಕಿಂತ ಕಷ್ಟದವು ಇರುತ್ತವೆ. ಎಲ್ಲವನ್ನೂ ಎಂದರೆ ಇನ್ನು ಯಾವ ಸೋಮವಾರವೂ ಅವಳು ಅವರಲ್ಲಿ ಏನೂ ಅನ್ನಬೇಕಾಗಿಲ್ಲ ಎಂದಾಗುತ್ತಿತ್ತು. ಇದೊಂದನ್ನು ಎಂದರೆ, ಜನ ನೋಡುವ ಸೋಮವಾರ ಒಂದನ್ನು ಬಿಟ್ಟು, ಯಾರೂ ನೋಡದ ಸೋಮವಾರಗಳಲ್ಲಿ ಮಾತ್ರ ಅವಳಿಗೆ ಪಶ್ಚಾತ್ತಾಪ ಎಂದಾಗುತ್ತಿತ್ತು. ಎರಡನ್ನೂ ಅವಳು ಓದಿದಳು. ಎರಡನೆಯ ಸಲ ಓದಿದಳು. ಕಿಟಕಿಯಾಚೆ ಗುಡ್ಡದ ಮೇಲೆ ಫ್ಯಾನುಗಳು ತಿರುಗುತ್ತಿದ್ದವು, ಎಲ್ಲವೂ ಒಂದೇ ಕಡೆ ಮುಖ ಮಾಡಿ. ಗಾಳಿ ಜೋರಿದೆ, ಇವತ್ತೂ ಯಾರೂ ಹತ್ತಿರಲಿಕ್ಕಿಲ್ಲ ಎಂದುಕೊಂಡಳು. ಹನ್ನೊಂದು ಹದಿನಾಲ್ಕು. ಹನ್ನೊಂದೂ ಕಾಲು. ಬೆರಳಿಗೆ ತಡವಾಯಿತೋ, ಬೆರಳೇ ತಡಮಾಡಿತೋ, ಅದನ್ನು ಅವಳು ಆಮೇಲೆ ಎಷ್ಟು ಸಲ ನೆನೆದರೂ ಖಾತ್ರಿ ಮಾಡಿಕೊಳ್ಳಲಾಗಲಿಲ್ಲ.

ಎಂಟು ವರ್ಷದವಳಿದ್ದಾಗ, ಹಿರಿಯೂರಿನಾಚೆಯ ಊರಿನಲ್ಲಿ, ಅಪ್ಪ ಎತ್ತಪ್ಪ ಕುರಿಗಳನ್ನು ಮುಳ್ಳುಬೇಲಿಯ ರೊಪ್ಪಕ್ಕೆ ಕೂಡಿ, ಒಂದೊಂದರ ಬೆನ್ನು ಮುಟ್ಟಿ ಎಣಿಸಿ, ರೊಪ್ಪದ ಬಾಯಿಗೆ ಮುಳ್ಳಿನ ಕೊಂಬೆ ಎಳೆಯಮ್ಮಾ ಎಂದು ಅವಳಿಗೆ ಹೇಳಿ ಕೈಕಾಲು ತೊಳೆಯಲು ಹೋಗಿದ್ದ. ಊಟ ಮಾಡಿ ಮಲಗಿದ ಮೇಲೆ ಅವಳಿಗೆ ಮುಳ್ಳು ಎಳೆದದ್ದು ನೆನಪಾಗಲಿಲ್ಲ. ಎಳೆಯದೆ ಬಂದದ್ದೂ ನೆನಪಾಗಲಿಲ್ಲ. ಕೇಳಿದರೆ ಎಳೆದಿಲ್ಲವೆಂದು ಒಪ್ಪಿಕೊಂಡಂತೆ, ಎದ್ದು ಹೋದರೆ ಎಲ್ಲರೂ ಏಳುತ್ತಾರೆ. ಬೆಳಗ್ಗೆ ಓಡಿಹೋಗಿ ನೋಡಿದರೆ ಮುಳ್ಳು ಬಾಯಿಗೆ ಭದ್ರವಾಗಿ ಒತ್ತಿಕೊಂಡಿತ್ತು, ಕುರಿಗಳೆಲ್ಲ ಒಳಗಿದ್ದವು. ಏನೂ ಆಗಿರಲಿಲ್ಲ. ಅವಳ ಬದುಕಿನ ಎಲ್ಲ ಹೆದರಿಕೆಗಳ ಬುಡದಲ್ಲಿ ಇರುವುದು ಇಷ್ಟೇ, ಏನೂ ಆಗದಿದ್ದ ಒಂದು ದಿನ. ಎಳೆದವರು ಯಾರು ಎಂದು ಅವಳು ಕೇಳಲಿಲ್ಲ. ಈಗ ಕೇಳೋಣವೆಂದರೆ ಅಪ್ಪನಿಲ್ಲ.

ಹನ್ನೊಂದೂವರೆಗೆ ಫೋನ್ ಬಂತು. ಜಂಪಣ್ಣನವರ ಹೆಸರು. ಅದು ಮೂರು ಸಲ ಬಡಿದುಕೊಳ್ಳುವವರೆಗೆ ಅವಳು ಅದನ್ನೇ ನೋಡಿ, ಎತ್ತಿದಳು. ಆ ಕಡೆಯಿಂದ ಮೊದಲು ಬಂದದ್ದು ಗಾಳಿ.

"ಮೇಡಂ, ಜಂಪಣ್ಣ."

"ಹೇಳ್ರಿ ಜಂಪಣ್ಣೋರೆ."

"ಹೊಸದುರ್ಗದ ಗುಡ್ಡದ ಮೇಲೆ ಕುಂತೀವಿ. ಗಾಳಿ ಬಿಡ್ತಾ ಇಲ್ಲ. ಸುಮ್ನೆ ಫೋನ್ ನೋಡ್ತಾ ಇದ್ದೆ, ನನ್ ಹೆಸ್ರು ಬಂತು."

"ಅದು... ತಪ್ಪಾಗಿ ಬಂತು."

"ತಪ್ಪಾಗಿ ಬಂತೋ, ತಪ್ಪಾಯ್ತು ಅಂತ ಬಂತೋ?"

ಅವರು ತಮಾಷೆ ಮಾಡುತ್ತಿದ್ದಾರೆಂದು ತಿಳಿಯಲು ಅವಳಿಗೆ ಒಂದು ಉಸಿರು ಬೇಕಾಯಿತು.

"ಎರಡೂ," ಎಂದಳು. ಆಮೇಲೆ, ಇಷ್ಟು ಅಂದ ಮೇಲೆ ಉಳಿದದ್ದು ತಾನಾಗಿ ಬಂತು. "ಎರಡು ವರ್ಷದ ಹಿಂದೆ ಗೋಡೆಗೆ ಒಂದು ಕಾಗದ ಅಂಟಿಸಿದ್ರಲ್ಲ. ನಿಮ್ಮ ಹೆಸರಿನ ಮುಂದೆ ಕೆಲಸವಿಲ್ಲ ಅಂತ ಇತ್ತು. ಅದನ್ನ ಬರೆದದ್ದು ನಾನು. ನೀವು ಬೆಲ್ಟು ಬಿಚ್ಚದೆ ಕೂತಿದ್ರಿ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ತಪ್ಪಾಯ್ತು."

ಜಂಪಣ್ಣನವರು ಗಾಳಿಗೆ ಬೆನ್ನು ಮಾಡಿರಬೇಕು, ದನಿ ಹತ್ತಿರ ಬಂತು.

"ಬ್ಯಾಸ್ರ ಆಗಿತ್ತು ಮೇಡಂ. ಸುಳ್ಳು ಯಾಕ್ ಹೇಳ್ಲಿ. ಮನೇಗೋಗಿ ನಮ್ ಓಬವ್ವನ ಹತ್ರ ಅಂದೆ, ನೋಡೇ, ನಂಗೆ ಕೆಲ್ಸ ಇಲ್ಲ ಅಂತ ಬರ್ದು ಗೋಡೆಗೆ ಹಚ್ಯಾರೆ ಅಂತ. ಅವ್ಳು ಏನಂದ್ಲು ಗೊತ್ತಾ? 'ನಂಗೆ ಮದ್ವೆಯಾದ ವಾರಕ್ಕೇ ಗೊತ್ತಾಗಿತ್ತು, ಆಫೀಸ್ನೋರಿಗೆ ಈಗ ಗೊತ್ತಾತಾ' ಅಂದ್ಲು."

ಮೀನಾಕ್ಷಿ ನಕ್ಕಳು. ನಗು ಅಳುವಿನ ಹಾದಿಯಲ್ಲೇ ಬಂದು, ಹೊರಗೆ ಬರುವಾಗ ನಗುವಾಯಿತು.

"ಅದಾದ ವಾರದಿಂದ ನೀವು ಶನಿವಾರ ಒಂದು ಮಾತು ಕೇಳೋಕೆ ಹತ್ತಿದ್ರಿ. ಎಷ್ಟೊತ್ತು ಕಾಯ್ದ್ರಿ ಅಂತ. ಇಷ್ಟ್ ವರ್ಷದಾಗೆ ಎಷ್ಟೊತ್ತು ಕೆಲ್ಸ ಮಾಡ್ದೆ ಅಂತ ಎಲ್ರೂ ಕೇಳ್ಯಾರೆ, ಎಷ್ಟೊತ್ತು ಕಾಯ್ದೆ ಅಂತ ಒಬ್ರೂ ಕೇಳಿದ್ದಿಲ್ಲ. ನಮ್ ಹುಡುಗ್ರೂ ಹೇಳ್ತಾರೆ, ಶನಿವಾರ ಮೇಡಂಗೆ ಹೇಳಾಣ ಅಂತ. ಈಗ ಆ ಮಿಷಿನ್ನು ಕೇಳ್ತೈತಾ ಅದನ್ನ?"

"ಇಲ್ಲ," ಎಂದಳು. "ಅದಕ್ಕೆ ಗೊತ್ತಿಲ್ಲ. ನಾನು ಹೇಳಿಕೊಡ್ತೀನಿ. ಶನಿವಾರ ನಾನೂ ಕೇಳ್ತೀನಿ."

"ಹಂಗಾರೆ ಆಯ್ತು." ಇಡುತ್ತಾರೆಂದುಕೊಂಡರೆ ಇಡಲಿಲ್ಲ. "ಇನ್ನೊಂದು ಮೇಡಂ. ಆ ಗ್ಯಾಸಿಂದು. ಅಳ್ಸಿದ್ರಿ, ಅಷ್ಟ್ರೊಳಗೆ ಓದ್ಬಿಟ್ಟಿದ್ದೆ."

ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಮಂಜುನಾಥ ನಗ್ತಾನೆ, ನಗ್ಲಿ ಬಿಡ್ರಿ. ಫ್ಯಾನು ಹತ್ತೋಕ್ ಮುಂಚೆ ಅವನೂ ಅದನ್ನೇ ಮಾಡ್ತಾನೆ. ನನ್ ಬೆಲ್ಟಿನ ಬಕಲ್ಲು ನಾನೇ ನೋಡ್ಕಂಡ್ರೆ ನಮ್ಮಲ್ಲಿ ಲೆಕ್ಕಕ್ಕಿಲ್ಲ. ಇನ್ನೊಬ್ಬ ಬಂದು ಮುಟ್ಟಿ, ಎಳ್ದು, 'ನೋಡೀನಿ' ಅಂತ ಜೋರಾಗಿ ಅನ್ಬೇಕು. ಬಾಯ್ಬಿಟ್ಟು ಅನ್ಲಿಲ್ಲ ಅಂದ್ರೆ ಎಂಬತ್ತು ಮೀಟ್ರು ಹತ್ತಂಗಿಲ್ಲ. ಯಾಕಂದ್ರೆ ಕಣ್ಣಾಗೆ ನೋಡಿದ್ದು ಅರ್ಧ ಏಣಿಗೆ ಹೋಗೋದ್ರೊಳಗೆ ಮರ್ತೋಗ್ತೈತೆ, ಇನ್ನೊಬ್ರು ಅಂದಿದ್ದು ಕಿವ್ಯಾಗೆ ಇರ್ತೈತೆ. ನೀವು ಬರ್ದಿದ್ರಲ್ಲಿ ತಪ್ಪೇನಿಲ್ಲ. ನಿಮ್ ಬಕಲ್ಲು ನೀವೇ ನೋಡ್ಕಂತೀರಿ, ಅಷ್ಟೇ ನಿಮ್ ತೊಂದ್ರೆ."

ಅವಳು ಫೋನ್ ಇಟ್ಟಳು. ಏನೋ ಒಂದು ಸದ್ದು, ಬಹಳ ದಿನದಿಂದ ಕೇಳುತ್ತಲೇ ಇದ್ದ ಸದ್ದು, ಕಿವಿಯ ಹತ್ತಿರ ಬಂದು ನಿಂತಿತ್ತು. ಏನೆಂದು ಗುರುತಾಗುವ ಮೊದಲು ಮಲ್ಲೇಶ್ ಸರ್ ಫೋನ್ ಮಾಡಿದರು. "ಏನ್ರೀ ಮೀನಾಕ್ಷಿ ಅವ್ರೇ, ಬೆಳಗ್ಗೆಯಿಂದ ಗ್ಯಾಸು, ಬಾಗಿಲು! ಇಲ್ಲಿ ಕಂಪನಿಯೋರ ಮುಂದೆ ತೆಗೆದು ತೋರಿಸೋಣ ಅಂತ ಹೋದೆ. ಹುಚ್ಚರ ಆಫೀಸು ಅಂದುಕೊಳ್ಳಲ್ವಾ ಅವ್ರು?" ಆ ಪದ ಅವಳಿಗೆ ತಾಗಿತು. ತಾಗುವ ಜಾಗ ಅವಳಿಗೆ ಮೊದಲೇ ಗೊತ್ತಿತ್ತು, ಅಲ್ಲಿಗೇ ತಾಗಿತು. ಆದರೆ ಅವಳು ನಿರೀಕ್ಷಿಸಿದಷ್ಟು ಆಳಕ್ಕೆ ಹೋಗಲಿಲ್ಲ. "ತಪ್ಪು ಪಟ್ಟಿ ಆರಿಸಿಬಿಟ್ಟಿದ್ದೆ ಸರ್. ನಿಮ್ಮ ಫೋನಿಗೆ ಈಗ ಆರು ಅಂಕಿ ಬರುತ್ತೆ, ಓದಿ ಹೇಳಿ, ಸರಿಮಾಡ್ತೀನಿ. ಹಾಗೇ ಪಟ್ಟಿಗೆ ಒಂದು ಹೊಸ ಪದ ಸೇರಿಸಬೇಕು. ಕಾಯ್ದದ್ದು ಅಂತ." ಅವಳು ಇಷ್ಟು ನೇರವಾಗಿ ಏನನ್ನೂ ಕೇಳಿದವಳಲ್ಲ. "ಅದೇನು ಕಾಯ್ದದ್ದು?" ಎಂದರು ಸರ್. ಬೆಲ್ಟು ಬಿಚ್ಚದೆ ಕೂರುವುದು ಸರ್ ಎಂದಳು. ಅವರಿಗೂ ಅದು ಗೊತ್ತಿತ್ತು. ಮೊದಲು ಅವರೂ ಫ್ಯಾನು ಹತ್ತುತ್ತಿದ್ದವರೇ. ಸೇರಿಸ್ರಿ ಎಂದು ಅಂಕಿ ಓದಿದರು.

ಎಡಗಡೆಯ ಚೌಕ ತೆರೆದು ಹಸಿರನ್ನು ಆರಿಸಿದಳು. ಹಸಿರು ಎಂದು ಓದಿದಳು. ಮುಚ್ಚಿ, ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕೈ ಮತ್ತೆ ಹೊರಟಿತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಫೋನಿನಲ್ಲಿ ಸೋಮವಾರದ ನೀಲಿ ಸಾಲನ್ನು ತೆರೆದು ಅಳಿಸುವ ಗುರುತು ಒತ್ತಿದಳು. ಅದು ಮತ್ತೆ ಅದೇ ಪ್ರಶ್ನೆ ಕೇಳಿತು. ಎಲ್ಲವನ್ನೂ ಎಂದಳು. ಹಸಿರಿನಲ್ಲಿ, ಎಲ್ಲರಿಗೂ ಕಾಣುವಂತೆ, ಹೊಸದೊಂದು ಬರೆದಳು: ಶನಿವಾರ ನಾಲ್ಕಕ್ಕೆ, ಮೂರೂ ತಂಡಕ್ಕೆ ಫೋನ್. ಮಧ್ಯಾಹ್ನ ಡಬ್ಬಿ ತೆರೆದರೆ ಹುರುಳಿಕಾಳಿನ ಪಲ್ಯ ಚೆನ್ನಾಗಿತ್ತು. ಮಂಜುನಾಥನಿಗೆ ಗುಂಪಿನಲ್ಲೇ ಉತ್ತರ ಬರೆದಳು: "ನಿಮ್ಮನೆ ಕೀಲಿ ಕಳಿಸ್ರಿ, ನೋಡ್ಕಂಡು ಬರ್ತೀನಿ. ಎರಡು ಸಲ." ಒಂದೇ ಸಲ ಓದಿ ಕಳಿಸಿದಳು. ನಾಲ್ಕೂವರೆಗೆ, ಹೊಸದುರ್ಗದವರು ಹಸಿರಿನಲ್ಲಿ ಬರೆದ ಮೇಲೆ, ಟೈಮ್‌ಶೀಟಿನಲ್ಲಿ ಹೊಸ ಸಾಲೊಂದು ತಾನಾಗಿ ಬಂದು ಕೂತಿತು. ಜಂಪಣ್ಣ, ಹೊಸದುರ್ಗ, ಕಾಯ್ದದ್ದು, ಐದು ಗಂಟೆ ಇಪ್ಪತ್ತು ನಿಮಿಷ.

ಸಂಜೆ ಹರೀಶನಿಗೆ ಅವಳು ಇದನ್ನೆಲ್ಲ ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗ ಅವನು ಬಬ್ಬೂರಿನ ಕೋಣೆಗೆ ಹೊಕ್ಕ ಇಲಿಯ ಕತೆ ಹೇಳುತ್ತಿದ್ದ. ಅದೂ ಚೆನ್ನಾಗಿತ್ತು. ಮರುದಿನ ಬೆಳಗ್ಗೆ ಅವಳು ಚಪ್ಪಲಿ ಹಾಕಿಕೊಳ್ಳುವಾಗ ಅವನು, ದಿನದಂತೆ, ನೀರು ಕುಡಿಯಲು ಮತ್ತೆ ಅಡುಗೆಮನೆಗೆ ಹೋದ. ಅವನು ಲೋಟ ಎತ್ತಿದ ಸದ್ದು ಬರಲಿಲ್ಲ. ದಿನವೂ ಬರುತ್ತಿರಲಿಲ್ಲವೇನೋ. ಬಂದದ್ದು ರೆಗ್ಯುಲೇಟರಿನ ಟಕ್ ಎಂಬ ಸಣ್ಣ ಸದ್ದು. ಆಮೇಲೆ ನಲ್ಲಿ ತಿರುಗಿಸಿ ನೋಡಿದ ಕಿರ್ ಸದ್ದು. ಅವಳು ಬೀಗ ಹಾಕುವಾಗ ಅವನು ಒಂದು ಮೆಟ್ಟಿಲು ಕೆಳಗೆ ನಿಂತು, ಬೇರೆಲ್ಲೋ ನೋಡುತ್ತ, ಅವಳ ಕೈಯನ್ನೇ ಗಮನಿಸುತ್ತಿದ್ದ. ಕೆಳಗಿಳಿದು ಸ್ಕೂಟರಿನ ಮೇಲೆ ಕೂತು ರಾಗ ಎಳೆದ. "ಗ್ಯಾಸ್ ಬಂದ್ ಆಗೈತೆ, ನಲ್ಲಿ ನಿಂತೈತೆ, ಬಾಗ್ಲು ಹಾಕೈತೆ, ಹೋಗಾಣ."

"ರೀ," ಎಂದಳು ಮೀನಾಕ್ಷಿ. "ಇದನ್ನ ಯಾವಾಗಿಂದ ಹೇಳ್ತೀರಿ ನೀವು?"

"ಯಾವುದನ್ನ?"

"ಗ್ಯಾಸು, ನಲ್ಲಿ, ಬಾಗ್ಲು."

ಅವನು ಕಿಕ್ ಹೊಡೆಯಲು ಎತ್ತಿದ ಕಾಲನ್ನು ಇಳಿಸಿದ. "ನೀನು ಬಸ್ ಸ್ಟ್ಯಾಂಡಿಂದ ಆಟೋ ಮಾಡ್ಕಂಡು ವಾಪಸ್ ಬಂದಿದ್ದೆಯಲ್ಲ, ಮೊದಲ್ನೇ ವರ್ಷ. ಅದರ ಮಾರನೇ ದಿನದಿಂದ."

"ಪರ್ಸ್ ಮರ್ತಿದ್ದೆ ಅಂದಿದ್ನಲ್ಲ ಅವತ್ತು."

"ಪರ್ಸು ನಿನ್ ಕೈಯಾಗೇ ಇತ್ತು."

ಅವನು ಕಿಕ್ ಹೊಡೆದ. ಅವಳು ಹಿಂದೆ ಕೂತಳು. ಯಾರೋ ಮುಳ್ಳು ಎಳೆದು, ಒತ್ತಿ, ಯಾರಿಗೂ ಹೇಳದೆ ಹೋಗಿ ಮಲಗಿದ್ದರು. ಎಳೆದದ್ದು ಅವಳೇ ಇರಬಹುದು. ಅಲ್ಲದಿದ್ದರೂ ಕುರಿಗಳು ಒಳಗಿದ್ದವು. ತಿರುವಿನಲ್ಲಿ ಗುಡ್ಡ ಕಂಡಾಗ ಹೊಟ್ಟೆಯೊಳಗೆ ನೀಲಿ ಉರಿ, ಎಂದಿನಂತೆ, ಹೊತ್ತಿಕೊಂಡಿತು. ಕೈ ಚೀಲದೊಳಗೆ ಹೋಗಿ ಫೋನನ್ನು ಹಿಡಿದುಕೊಂಡಿತು. ಅವಳು ಅವನ ಬೆನ್ನಿಗೆ ಬಾಗಿ, ಗಾಳಿಗಿಂತ ಜೋರಾಗಿ ಕೇಳಿದಳು.

"ನೋಡೀರಾ?"

"ನೋಡೀನಿ," ಎಂದು ಅವನು ರಸ್ತೆ ನೋಡುತ್ತಲೇ ಕೂಗಿದ. ಪಕ್ಕದಲ್ಲಿ ಹೋಗುತ್ತಿದ್ದ ಆಟೋದವನು ತಿರುಗಿ ನೋಡಿದ. ಮೀನಾಕ್ಷಿ ಫೋನ್ ಬಿಟ್ಟು, ಚೀಲದಿಂದ ಕೈ ತೆಗೆದು, ಅವನ ಹೆಗಲ ಮೇಲಿಟ್ಟಳು.